ಹಸಿರು ಎಲೆ ಪಡೆದ ಸ್ಪೀಕರ್

ಭೂಮಿಯನ್ನು ಉಳಿಸುವ ಕಾರ್ಯವು ಸಾಂತಾಕ್ರೂಜಿನ ಒಂದು ಬಿಲ್ಡಿಂಗಿನಲ್ಲಿ ಪ್ರತಿ ಮಂಗಳವಾರ, ಊಟವಾದ ಮೇಲೆ ನಡೆಯುತ್ತದೆ. ಅಲ್ಲಿಯ ಬ್ಲೂಟೂತ್ ಸ್ಪೀಕರ್ ಕಂಪನಿಯಲ್ಲಿ ಯಾವ ಮಾಲೇ ಆಗಲಿ, ಇನ್ನೂ ಡಿಸೈನಿನಲ್ಲಿರುವಾಗಲೇ ಸುಸ್ಥಿರತಾ ಸಮಿತಿಯಿಂದ ಅಂಕ ಪಡೆಯತಕ್ಕದ್ದು. ಪಾಸಾದರೆ ಡಬ್ಬಿಯ ಮೇಲೆ ಹಸಿರು ಎಲೆ. ಇಲ್ಲವಾದರೆ ಡಿಸೈನು ಕಸದ ಬುಟ್ಟಿಗೆ.

ಡಿಸೈನರ್ ಪ್ರಣೀತಾಳಿಗೆ ಈ ಸಲ ಪಾಸಾಗಲೇಬೇಕಿತ್ತು. ಅಪ್ಪ ಚೆನ್ನಯರ ಭಜನಾ ಮಂಡಳಿಯ ಸ್ಪೀಕರಿನ ಬ್ಯಾಟರಿ ಸತ್ತು, ಬಿಚ್ಚಲು ಬಾರದೆ, ಇಡೀ ಸ್ಪೀಕರೇ ಗುಜರಿ ಸೇರಿತ್ತು. "ಬಿಚ್ಚಿ ಬ್ಯಾಟರಿ ಹಾಕುವಂಥದ್ದು ನಾನೇ ಮಾಡಿ ಕೊಡ್ತೇನೆ ಅಪ್ಪಾ" ಎಂದು ಮಗಳು ಮಾತು ಕೊಟ್ಟಿದ್ದಳು. ಅಂತೆಯೇ ನಾಲ್ಕು ಸ್ಕ್ರೂ ಇಟ್ಟು, ಹತ್ತು ವರ್ಷ ಬಾಳುವ ಸ್ಪೀಕರನ್ನು ಡಿಸೈನ್ ಮಾಡಿದಳು.

ಸಮಿತಿಯ ಅಧ್ಯಕ್ಷ ಶಶಿಕಾಂತ ಲ್ಯಾಪ್‌ಟಾಪ್ ನೋಡಿ ನೊಂದುಕೊಂಡರು. "ಹತ್ತು ವರ್ಷ ಬಾಳಿದ್ರೆ ಹತ್ತು ವರ್ಷ ಕರೆಂಟ್ ತಿನ್ನುತ್ತಲ್ಲ ಪ್ರಣೀತಾ! ಫೇಲ್."

"ಬೇಗ ಕೆಟ್ರೆ ಜನ ಇನ್ನೊಂದು ತಗೊಳ್ತಾರೆ ಸರ್."

"ಅದು ಬೇರೆ ಸ್ಪೀಕರ್. ಅದರ ಅಂಕ ಬೇರೆ."

ನಿಯಮ ನಿಯಮವೇ. ಸ್ಕ್ರೂ ಹೋಗಿ ಅಂಟು ಬಂತು, ಅಂಕ ಏರಿತು. ಆಯಸ್ಸು ಒಂದು ವರ್ಷಕ್ಕಿಳಿಯಿತು. ಅಂಕ ಮತ್ತೂ ಏರಿತು. ಆದರೂ ಪಾಸಾಗಲಿಲ್ಲ. ರೋಸಿಹೋದ ಪ್ರಣೀತಾ ಒಳಗಿದ್ದುದನ್ನೆಲ್ಲ ಅಳಿಸಿ, ಖಾಲಿ ಕವಚವನ್ನೇ ಸಮಿತಿಗೆ ಕಳಿಸಿದಳು.

ನೂರಕ್ಕೆ ನೂರು! ಶಶಿಕಾಂತರ ಕಣ್ಣು ಒದ್ದೆಯಾಯಿತು. ಸಂಜೆಯೊಳಗೆ ಪ್ರಕಟಣೆ ಹೊರಟಿತು: "ಈ ಸ್ಪೀಕರ್ ವಿದ್ಯುತ್ ಬಳಸುವುದಿಲ್ಲ. ಶಬ್ದಮಾಲಿನ್ಯ ಉಂಟುಮಾಡುವುದಿಲ್ಲ. ಆನ್ ಆಗದಿರುವುದನ್ನು ದೋಷವೆಂದು ಪರಿಗಣಿಸತಕ್ಕದ್ದಲ್ಲ."

ಮಾಲು ತಯಾರಾಗಿ ಬಂದದ್ದೇ ತಡ, ದಾದರಿನಿಂದ ಬೊರಿವಲಿಯವರೆಗೆ ಅಂಗಡಿಗಳಲ್ಲಿ ಕ್ಯೂ ನಿಂತಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಯಾರೋ ಗೊಣಗಿದರಂತೆ. ಅವರನ್ನು ಪರಿಸರ ವಿರೋಧಿ ಎಂದು ಗುರುತಿಸಲಾಯಿತು. ಪ್ರಣೀತಾಳಿಗೆ ಬಡ್ತಿ ಸಿಕ್ಕಿತು.

ಒಂದು ಶನಿವಾರ ಅಪ್ಪನ ಮಂಡಳಿಯ ಭಜನೆಗೆ ಹೋದರೆ ದೇವರ ಮುಂದೆ ಅದೇ ಸ್ಪೀಕರ್, ನೆತ್ತಿಗೆ ಕುಂಕುಮ. ಪ್ರಣೀತಾಳಿಗೆ ನಾಚಿಕೆಯಿಂದ ಅಳುವೇ ಬಂತು.

"ಅಪ್ಪಾ, ಅದರೊಳಗೆ ಎಂಥದೂ ಇಲ್ಲ."

"ಗೊತ್ತುಂಟು ಮಗಾ. ಎಲೆ ಉಂಟಲ್ಲ" ಎಂದ ಚೆನ್ನಯ ತಾಳ ಎತ್ತಿಕೊಂಡರು. ಮಂಡಳಿಯವರು ಗಂಟಲು ಹರಿಯುವಂತೆ ಹಾಡಿದರು. ಪಾಪ, ಹಿಂದಿನ ಸಾಲಿಗೆ ಕೇಳಿಸಲಿಲ್ಲ.

ಮಂಗಳಾರತಿ ಮುಗಿದ ಮೇಲೆ ಚೆನ್ನಯ ಕೇಳಿದರು: "ಇದು ಎಷ್ಟು ಸಮಯ ಬಾಳ್ತದೆ?"

"ಒಂದು ವರ್ಷ ಅಂತ ಬರೆದಿದ್ದಾರೆ."

"ಆಯ್ತು. ಹಿಂದಿನವರಿಗೆ ಕೇಳುದಿಲ್ಲ ನೋಡು. ಬರುವ ವರ್ಷ ಸ್ವಲ್ಪ ದೊಡ್ಡದೇ ತಗೊಳ್ಳುವ."