ಹದಿನೆಂಟು ಕಿಲೋಮೀಟರಿನ ಪಂಕ್ತಿ

"ಕಟ್ಟಿದರೆ ಹದಿನೆಂಟು ಕಿಲೋಮೀಟರ್ ಉದ್ದದ ಯುದ್ಧನೌಕೆಯನ್ನೇ ಕಟ್ಟೋದು. ಒಂದು ಗೇಣು ಕಡಿಮೆಯಾದ್ರೂ ಬೇಡ!"

ಹೀಗೆಂದು ನಾನು ರಾಯಪುರಂನ ನಮ್ಮ ಮನೆಯಲ್ಲಿ, ದೇವರಿಗೆ ದೀಪ ಹಚ್ಚಿ ಬಂದ ಕೈಯನ್ನೇ ಎತ್ತಿ ಘೋಷಿಸಿದೆ. ಅದುವರೆಗೆ ನಾನು ಕಟ್ಟಿದ್ದರಲ್ಲಿ ಅತಿ ದೊಡ್ಡದೆಂದರೆ ಮಹಡಿಯ ಮೇಲಿನ ತುಳಸಿಕಟ್ಟೆ. ಅದೂ ವಾಲಿದೆ.

ನೌಕೆ ನೀರಿನದಲ್ಲ, ಆಕಾಶದ್ದು. ನನ್ನ ಮಗಳು ರಂಜನಿ ಮತ್ತು ಅವಳ ಐವರು ಗೆಳೆಯರು ಮೂರು ವರ್ಷದಿಂದ ಫೋನಿನಲ್ಲೇ ಸೇರಿ ಒಂದು ಕಥೆ ಬರೆಯುತ್ತಿದ್ದಾರೆ. ನಕ್ಷತ್ರಗಳ ನಡುವೆ ಒಬ್ಬೊಬ್ಬರಿಗೂ ಒಂದೊಂದು ಹಡಗು, ಅದಕ್ಕೊಬ್ಬ ಕ್ಯಾಪ್ಟನ್. ಒಬ್ಬರು ನಾಲ್ಕು ಸಾಲು ಬರೆದರೆ ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳಬೇಕು. ನಿಯಮ ಒಂದೇ. ಗುಂಡು ಹಾರಿಸಿದೆ ಎಂದು ನಾವು ಬರೆಯಬಹುದು, ಅದು ತಗುಲಿತೆಂದು ಬರೆಯುವಂತಿಲ್ಲ. ತಗುಲಿತೋ ಇಲ್ಲವೋ, ಎದುರಿನವರೇ ಹೇಳಬೇಕು. ಕರ್ಮ ನಮ್ಮದು, ಫಲ ನಮ್ಮದಲ್ಲ! ಇಷ್ಟು ಸಾತ್ವಿಕವಾದ ಯುದ್ಧವನ್ನು ನಾನು ಕೇಳಿಯೇ ಇರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಯುದ್ಧವಲ್ಲ, ಮಗಳು. ಕಾಲೇಜು ಸೇರಿದ ಮೇಲೆ ಅವಳು ನನ್ನೊಡನೆ ಆಡುತ್ತಿದ್ದ ಮಾತು ಎರಡೇ: "ಸರಿ ಮಾ" ಮತ್ತು "ಅಪ್ಪುರಂ ಮಾ." ಅಪ್ಪುರಂ ಎಂದರೆ ಈ ಊರಿನ ತಮಿಳಿನಲ್ಲಿ ಆಮೇಲೆ. ಆ ಆಮೇಲೆ ಯಾವ ಪಂಚಾಂಗದಲ್ಲೂ ಬರುತ್ತಿರಲಿಲ್ಲ. ಯಾರು ಏನು ಹೇಳಿದರೂ ಕೂತು ಕೇಳುವವಳೆಂದು ಬೀದಿಗೆಲ್ಲ ಹೆಸರಾದ ನನಗೆ, ಮನೆಯಲ್ಲಿ ಕೇಳಲು ಏನೂ ಇರಲಿಲ್ಲ! ಅಷ್ಟರಲ್ಲಿ ಗುಂಪಿನ ಸಮೀರ್ ಪರೀಕ್ಷೆಗೆಂದು ಆಟ ಬಿಟ್ಟ. ಒಂದು ಜಾಗ ಖಾಲಿಯಾಯಿತು.

"ನಾನು ಬರ್ತೀನಿ," ಎಂದೆ.

"ಎನ್ನ ಮಾ, ಜೋಕಾ? ಅದೆಲ್ಲ ನಿನಗೆ ಪುರಿಯಾದು."

"ಪುರಿಯೋ ಹಾಗೆ, ಅರ್ಥ ಆಗೋ ಹಾಗೆ ಹೇಳಿಕೊಡು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೋಳು ಇಂಗ್ಲಿಷ್ ಪೇಪರ್ ಓದೋದು ಕಲೀಲಿಲ್ವಾ? ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಇಂಗ್ಲಿಷಿನಲ್ಲಿ ಹಾಕು."

ಹಾಗೆ ಹುಟ್ಟಿತು ನನ್ನ 'ವಜ್ರಕವಚ'. ಮೂತಿ ರಾಯಪುರಂನಲ್ಲಿದ್ದರೆ ಬಾಲ ಊರಿನ ಇನ್ನೊಂದು ತುದಿಯ ತಿರುವಾನ್ಮಿಯೂರಿನ ಆಚೆ. ಒಂಬೈನೂರು ತೋಪು, ನಲವತ್ತು ಸಾವಿರ ಸೈನಿಕರು, ಎಲ್ಲರ ಮೇಲೆ ಮಹಾಸೇನಾನಿ ಕ್ಯಾಪ್ಟನ್ ಚಿಕ್ಕತಾಯಮ್ಮ. ಮೊದಲ ಸಂಜೆಯೇ ಮೈಸೂರಿನ ಮಿಥುನ್ ಎಂಬ ಹುಡುಗನ ಹಡಗು ಎದುರಾಯಿತು. ಆರೇ ಜನರ ಪುಟಾಣಿ ಹಡಗು. ಒಂಬೈನೂರು ತೋಪನ್ನೂ ಒಟ್ಟಿಗೇ ಹಾರಿಸಿದೆ! ಅಷ್ಟು ತೋಪು ಹಾರಿದ ಮೇಲೆ ಒಂದೂ ತಗುಲಲಿಲ್ಲ ಎಂದು ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ಪಾಪ, ಸತ್ಯವಂತ ಹುಡುಗ. ತಾನೇ ರೆಕ್ಕೆ ಮುರಿದುಕೊಂಡು, ಕುಂಟುತ್ತಾ ಓಡಿಹೋದೆನೆಂದು ಬರೆದ. ಮರುದಿನ ಇನ್ನಿಬ್ಬರನ್ನು ಸದೆಬಡಿದೆ. ಮೂರನೆಯ ದಿನ ಸದೆಬಡಿಯಲು ಯಾರೂ ಉಳಿಯಲಿಲ್ಲ.

ನಾಲ್ಕನೆಯ ದಿನ ಫೋನು ಸದ್ದೇ ಮಾಡಲಿಲ್ಲ. ಐದನೆಯ ದಿನವೂ ಇಲ್ಲ.

"ಯಾಕೆ, ಎಲ್ಲಾ ಹೆದರಿಬಿಟ್ರಾ?" ಎಂದು ಊಟಕ್ಕೆ ಕೂತಾಗ ಬೀಗುತ್ತಾ ಕೇಳಿದೆ.

ರಂಜನಿ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು. "ಹೆದರಿಲ್ಲ ಮಾ. ಬೋರ್ ಆಗಿದೆ ಅವರಿಗೆ. ನಿನ್ನ ಹಡಗು ಬಂದ್ರೆ ಮಿಕ್ಕಿದೋರು ಯಾತಕ್ಕೆ? ಮೂರು ವರ್ಷದ ಕಥೆ ಮಾ. ಮೂರೇ ದಿನದಲ್ಲಿ ಮುಗಿಸಿಬಿಟ್ಟೆ. ನಮ್ಮ ಪ್ರಣಮ್ಯಾ ಎಲ್ಲರನ್ನೂ ಕರ್ಕೊಂಡು ಬೇರೆ ಗ್ರೂಪ್ ಮಾಡ್ತಾಳಂತೆ."

ಮಗಳ ಪಕ್ಕ ಕೂರಲು ಜಾಗ ಹುಡುಕಿಕೊಂಡು ಹೋದ ನಾನು ಅವಳು ಕೂತಿದ್ದ ಜಾಗವನ್ನೇ ಕಿತ್ತುಹಾಕಿದ್ದೆ!

ನಮ್ಮೆಜಮಾನರು ತಿರುಮಲ ಅವರು ಬಂದರಿನಲ್ಲಿ ಟಗ್ ನಡೆಸುವವರು. ಬೆಟ್ಟದಂಥ ಹಡಗುಗಳನ್ನು ಎಳೆದು ತಂದು ದಡಕ್ಕೆ ಸೇರಿಸುತ್ತವಲ್ಲ, ಆ ಗಿಡ್ಡ ದೋಣಿ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಮಜ್ಜಿಗೆ ಕಲಸಿಕೊಳ್ಳುತ್ತಾ ಎಲ್ಲ ಕೇಳಿ, ಜೋರಾಗಿ ನಕ್ಕರು.

"ಅಷ್ಟುದ್ದದ ಹಡಗು ತಿರುಗೋದು ಹೇಗೆ?"

"ಸ್ಟೀರಿಂಗ್ ತಿರುಗಿಸಿದ್ರೆ ತಿರುಗುತ್ತೆ!"

"ರಮಾ, ನಮ್ಮ ಬಂದರಿಗೆ ಮುನ್ನೂರು ಮೀಟರ್ ಹಡಗು ಬಂದ್ರೇ ನಾವು ನಾಲ್ಕು ಟಗ್ ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಬರಬೇಕು, ಮದುಮಗಳ ಥರ. ಪಕ್ಕದ ಕಾಸಿಮೇಡಿನ ಮೀನು ದೋಣಿ ಸುರ್ರಂತ ತಿರುಗಿ ಹೋಗುತ್ತೆ, ಅದಕ್ಕೆ ಯಾರೂ ಬೇಡ. ದೊಡ್ಡದಾದಷ್ಟೂ ಇನ್ನೊಬ್ಬರ ಕೈ ಬೇಕೇ ಬೇಕು. ಸರಿ, ನಲವತ್ತು ಸಾವಿರ ಜನ ಅಂದ್ಯಲ್ಲ, ಅಡುಗೆ ಯಾರದು?"

ಒಂಬೈನೂರು ತೋಪು ಕೊಟ್ಟವಳು ಒಂದು ಒಲೆ ಕೊಟ್ಟಿರಲಿಲ್ಲ! ನಮ್ಮನೆ ಗೊಂಬೆಹಬ್ಬದ ಗೊಂಬೆಗಳಿಗೂ ನೈವೇದ್ಯವಾಗುತ್ತದೆ; ನನ್ನ ಸೈನಿಕರು ಐದು ದಿನದಿಂದ ಹಸಿದಿದ್ದರು.

ಅವತ್ತೇ ಸಂಜೆ ರಂಜನಿಯನ್ನು ಕೂರಿಸಿಕೊಂಡು ಹೇಳಿ ಬರೆಸಿದೆ: ವಜ್ರಕವಚ ಒಮ್ಮೆ ತಿರುಗಲು ಮೂರು ದಿನ ಬೇಕು. ಅಕ್ಕಿ ಮುಗಿಯುತ್ತಿದೆ, ತರುವವರಿಲ್ಲ. ಬರೆಸುತ್ತಾ ಬರೆಸುತ್ತಾ ಅಡುಗೆಮನೆ ಬೆಳೆಯಿತು. ಮಡಿಯಲ್ಲಿ ಅಡುಗೆ. ಎಲ್ಲರದೂ ಒಂದೇ ಪಂಕ್ತಿ. ಏಕಾದಶಿ ಉಪವಾಸ.

"ನಲವತ್ತು ಸಾವಿರ ಜನಾನೂ ಉಪವಾಸಾನಾ ಮಾ?"

"ಮತ್ತೆ? ದ್ವಾದಶಿ ಬೆಳಿಗ್ಗೆ ಪಾರಣೆ, ಉಪವಾಸ ಬಿಡೋ ಊಟ."

"ಆಕಾಶದಲ್ಲಿ ಬೆಳಿಗ್ಗೆ ಎಲ್ಲಿಂದ ಬರುತ್ತೆ?"

"ನಮ್ಮ ರಾಯಪುರಂ ಸೂರ್ಯೋದಯವೇ ಲೆಕ್ಕ ಅಂತ ಹಾಕು!"

ರಂಜನಿ ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ! ನಲವತ್ತು ಸಾವಿರ ಜನರನ್ನು ಹದಿನೆಂಟು ಕಿಲೋಮೀಟರಿಗೆ ಹಂಚಿ ನೋಡಿದಳು. ತಲೆಗೆ ನಲವತ್ತೈದು ಸೆಂಟಿಮೀಟರ್. ಭುಜಕ್ಕೆ ಭುಜ ತಾಗಿಸಿ ಕೂತರೆ ಒಂದೇ ಸಾಲು, ಸರಿಯಾಗಿ! ಇದು ದೈವಸಂಕಲ್ಪವಲ್ಲದೆ ಇನ್ನೇನು?

ಮುಂದೇನಾಯಿತೆಂದು ಮನೆಯಲ್ಲಿ ಪಾರಣೆ ಮಾಡುವವರೆಲ್ಲ ಊಹಿಸಿರುತ್ತೀರಿ. ನಾನು ಊಹಿಸಿರಲಿಲ್ಲ. ಮಿಥುನ್ ಬುದ್ಧಿವಂತ. ಅಜ್ಜಿಯನ್ನು ಕೇಳಿ ದ್ವಾದಶಿ ಯಾವಾಗ ಎಂದು ತಿಳಿದುಕೊಂಡಿದ್ದನಂತೆ. ಅವತ್ತು ಎಲೆ ಹಾಕಿ, ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆಯಾಗಿ, ಸಾರು ಬಡಿಸುವವನು ಮೂತಿಯಿಂದ ಹೊರಟು ಬಾಲದ ಕಡೆಗೆ ಓಡುತ್ತಿದ್ದಾನೆ. ಆಗ ಮುರಿದ ರೆಕ್ಕೆಯ ಪುಟಾಣಿ ಹಡಗು ಬಂದು ನನ್ನ ಬಾಗಿಲಿಗೆ ಅಂಟಿಕೊಂಡಿತು. ಆರು ಜನ ಬಂದೂಕು ಹಿಡಿದು ಒಳಗೆ ನುಗ್ಗಿದರು!

ಇಷ್ಟು ದಿನ ಸತ್ತಂತಿದ್ದ ಫೋನು ಈಗ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ. ಎಲ್ಲರೂ ಕಾಯುತ್ತಿದ್ದಾರೆ. ಪ್ರಣಮ್ಯಾ ಕೂಡ! ಸರದಿ ನನ್ನದು.

"ಅಮ್ಮಾ, ಎದ್ದೇಳಿಸು ಎಲ್ಲರನ್ನೂ! ಒಂದೇ ಲೈನ್ ಸಾಕು!"

"ಹೇಗೆ ಏಳ್ತಾರೆ? ಪಂಕ್ತಿಯಲ್ಲಿ ಕೂತಿದ್ದಾರೆ. ಕೊನೇಯವನ ಊಟ ಮುಗಿಯದೆ ಯಾರೂ ಏಳೋ ಹಾಗಿಲ್ಲ."

"ಕೂತಲ್ಲೇ ಗುಂಡಿ ಒತ್ತಲಿ!"

"ಎಂಜಲು ಕೈಯಲ್ಲಿ ಒತ್ತೋದಾ?"

"ಅಯ್ಯೋ ಮಾ! ಸೋತುಹೋಗ್ತೀಯಾ! ಕಥೆ ತಾನೇ ಇದು?"

ಕಥೆಯೇ. ಆದರೆ ಕಥೆಯೆಂದು ಸುಳ್ಳು ಹೇಳಲಾಗುತ್ತದೆಯೇ? ಚಿಕ್ಕತಾಯಮ್ಮನನ್ನು ನಾನು ಬಲ್ಲೆ. ಅರ್ಧ ಊಟದಲ್ಲಿ ಎದ್ದು ಪಕ್ಕದವರ ಎಲೆಯನ್ನು ಅವಮಾನಿಸುವ ಹೆಂಗಸಲ್ಲ ಅವಳು. ರಂಜನಿಗೆ ಹೇಳಿದೆ: "ಬರೆ. ಕ್ಯಾಪ್ಟನ್ ತಲೆ ಎತ್ತಿ ನೋಡಿ, ಕೂತಲ್ಲಿಂದಲೇ ಕೂಗಿದಳು, 'ಅತಿಥಿಗಳು ಬಂದಿದ್ದಾರೆ. ಇನ್ನೂ ಆರು ಎಲೆ ಹಾಕಿ.'"

ಮಿಥುನ್ ಬರೆದ: "ನಮ್ಮ ಆರು ಜನರಿಗೆ ಮೂರು ವರ್ಷದಿಂದ ಡಬ್ಬಿ ಊಟ. ಸಾರಿನ ವಾಸನೆ ಬಂತು. ಕೂತರು."

ಕೂತರಲ್ಲ, ಅಲ್ಲಿಗೆ ಸಿಕ್ಕಿಬಿದ್ದರು! ಸಾರು ಬಾಲ ಮುಟ್ಟಲು ನಾಲ್ಕು ಗಂಟೆ, ಮಜ್ಜಿಗೆಗೆ ಇನ್ನೂ ನಾಲ್ಕು. ಅಲ್ಲಿಯವರೆಗೆ ಗೆದ್ದವರೂ ಏಳುವಂತಿಲ್ಲ, ಸೋತವರೂ ಏಳುವಂತಿಲ್ಲ. ಅಷ್ಟರಲ್ಲಿ ಪ್ರಣಮ್ಯಾಳ ಹಡಗು ಅಕ್ಕಿ ಹೊತ್ತು ತಂದಿತು. ಮಿಕ್ಕವರ ಹಡಗುಗಳು ಬಂದು ವಜ್ರಕವಚವನ್ನು ಎಳೆದು ತಿರುಗಿಸಲು ನಿಂತವು. ನನ್ನ ತೋಪುಗಳಿಗೆ ಹೆದರಿ ಓಡಿದ್ದವರೆಲ್ಲ ನನ್ನ ಹಸಿವು ನೋಡಿ ವಾಪಸ್ಸು ಬಂದರು. ಮೂರು ವರ್ಷದ ಕಥೆ ಮತ್ತೆ ಉಸಿರಾಡಿತು. ನಾನೂ ಉಸಿರಾಡಿದೆ.

ಗೆಲ್ಲದಿದ್ದರೇನು, ಎಲ್ಲರನ್ನೂ ಕೂರಿಸಿ ಉಣಿಸಿದೆನಲ್ಲ ಎಂದು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಮಿಥುನ್‌ನ ಸಂದೇಶ ಬಂತು. ರಂಜನಿ ಓದಿದಳು:

"ಊಟ ಬಹಳ ಚೆನ್ನಾಗಿತ್ತು ಆಂಟಿ. ಈಗ ನಲವತ್ತು ಸಾವಿರದ ಆರು ಎಲೆ ಎತ್ತೋರು ಯಾರು?"

ನಾನು ಮೆಲ್ಲಗೆ ಮತ್ತೆ ಕೂತೆ.

ಗುಂಪು ತೀರ್ಪು ಕೊಟ್ಟಿತು, ಹಡಗು ಯಾರದೋ ಎಲೆಯೂ ಅವರದೇ ಎಂದು. ಒಂಬೈನೂರು ತೋಪುಗಳ ಒಡತಿ, ಮಹಾಸೇನಾನಿ ಚಿಕ್ಕತಾಯಮ್ಮ ಸೆರಗು ಸಿಕ್ಕಿಸಿ, ಬಕೆಟ್ಟು ಹಿಡಿದು, ಮೂತಿಯಿಂದ ಶುರುಮಾಡಿದಳು.

"ಒಬ್ಬಳೇ ಯಾಕೆ ಮಾಡ್ತೀಯಾ," ಎಂದು ರಂಜನಿ ತನ್ನ ಕ್ಯಾಪ್ಟನ್ನನ್ನೂ ಕಳಿಸಿದಳು.

ಈಗ ದಿನಾ ಸಂಜೆ ನಾವಿಬ್ಬರೂ ಎಲೆ ಎತ್ತುತ್ತೇವೆ. ಎತ್ತುತ್ತಾ ಎತ್ತುತ್ತಾ ಅವಳ ಕ್ಯಾಪ್ಟನ್ ಏನೇನೋ ಹೇಳುತ್ತಾಳೆ. ಕಾಲೇಜು ಹಿಡಿಸುತ್ತಿಲ್ಲವಂತೆ, ಒಬ್ಬಳೇ ಗೆಳತಿಯಂತೆ, ಅವಳೂ ಮುನಿಸಿಕೊಂಡಿದ್ದಾಳಂತೆ. ಚಿಕ್ಕತಾಯಮ್ಮ ಕೇಳುತ್ತಾಳೆ. ನಿನ್ನೆ ಒಂದು ಮಾತಿಗೆ ಮಾತ್ರ ನನಗೆ ತಡೆಯಲಾಗಲಿಲ್ಲ. "ಕಣ್ಣೇ, ಇದನ್ನೆಲ್ಲ ಮೊದಲೇ ನನ್ನ ಹತ್ರ ಯಾಕೆ ಹೇಳಲಿಲ್ಲ?" ಎಂದು ಅವಳ ಕೈ ಹಿಡಿದುಕೊಂಡೆ.

ರಂಜನಿ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲೇ ಏನೋ ಟೈಪ್ ಮಾಡಿ, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಕ್ಯಾಪ್ಟನ್, ಇನ್ನೂ ಮುನ್ನೂರನೇ ಎಲೆ. ಅಳೋದು ಅಪ್ಪುರಂ. ಮೊದಲು ಬಗ್ಗಿ!"