ಮಾವನ ನಲವತ್ತೆರಡನೇ ಕಣ್ಣು

ಶಿರ್ತಾಡಿಯ ನನ್ನ ಮಾವ ಎದುರು ಸಿಕ್ಕರೆ ಕ್ಷೇಮ ವಿಚಾರಿಸುವುದಿಲ್ಲ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣಲ್ಲಿ ಪೊರೆ ಉಂಟೋ ಎಂದು ಹುಡುಕುತ್ತಾರೆ! ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲೇ ಉಚಿತ ನೇತ್ರ ಶಿಬಿರವಿರಲಿ, ಊರವರನ್ನು ಬಸ್ಸು ಹತ್ತಿಸಿಕೊಂಡು ಹೊರಡುವುದು ಅವರು ತಮಗೆ ತಾವೇ ಕೊಟ್ಟುಕೊಂಡ ಹುದ್ದೆ. ನನಗೆ ಡೈರಿ ಬರೆಯುವ ಚಟ. ಅದರ ಪ್ರಕಾರ: ಎರಡು ವರ್ಷ, ಹದಿನಾಲ್ಕು ಶಿಬಿರ, ಮಾವ ಶಸ್ತ್ರಚಿಕಿತ್ಸೆಗೆ ಒಪ್ಪಿಸಿದವರು ನಲವತ್ತೊಂದು. ತಮ್ಮ ಕಣ್ಣು ತೋರಿಸಿದ್ದು: ಸೊನ್ನೆ.

"ಊರವರ ಪೊರೆ ಕಾಣ್ತದೆ ಇವರಿಗೆ, ಬಟ್ಟಲಲ್ಲಿದ್ದ ಮೀನಿನ ಮುಳ್ಳು ಕಾಣುವುದಿಲ್ಲ!" ಎಂದು ಅತ್ತೆಯ ಗೊಣಗಾಟ. ಮಾವನ ಬಲಗಣ್ಣಿನ ಪಾಪೆ ಹಾಲು ಚೆಲ್ಲಿದಂತೆ ಬೆಳ್ಳಗಾದದ್ದು ಮನೆಯವರೆಲ್ಲರಿಗೂ ಕಂಡಿತ್ತು. ಹಾಗೇ ಬಿಟ್ಟರೆ ಕಣ್ಣೇ ಹೋಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವರು ಯಾರು? ಅವರೇ!

ಜನವರಿ ಹನ್ನೆರಡು, ಭಾನುವಾರ. ಬಂಟ್ವಾಳದ ಶಿಬಿರದಲ್ಲಿ ನಾನು ಕಾಯುತ್ತಿದ್ದೆ. ಅತ್ತ ಮೂಡುಬಿದಿರೆಯಲ್ಲಿ ಮಾವ ಏಳು ಮಂದಿಯನ್ನು ಗದರಿಸಿ ಹತ್ತಿಸಿದ ಬಸ್ಸು ಸೀದಾ ಕಾರ್ಕಳಕ್ಕೆ ಹೋಯಿತು. ಏಳರಲ್ಲಿ ಒಬ್ಬರಿಗೂ ಬಸ್ಸಿನ ಬೋರ್ಡು ಕಂಡಿರಲಿಲ್ಲ. ಕಂಡಿದ್ದರೆ ಶಿಬಿರಕ್ಕೇಕೆ ಹೊರಡುತ್ತಿದ್ದರು?

"ಬೋರ್ಡ್ ಬರೆದವನಿಗೆ ಅಕ್ಷರ ಬರುವುದಿಲ್ಲ ಮಾರಾಯ!" ಎಂದು ಮಾವ ಫೋನಿನಲ್ಲಿ ನನಗೇ ಜೋರು ಮಾಡಿದರು.

ಮುಂದಿನ ತಿಂಗಳು ಬೆಳ್ತಂಗಡಿ ಹತ್ತಿರದ ಲಾಯಿಲದ ಶಿಬಿರಕ್ಕೆ ಅತ್ತೆಯೂ ಬಂದು ಬಾಗಿಲಿಗೆ ಅಡ್ಡ ನಿಂತರು. "ಇವತ್ತು ನಿಮ್ಮದು ಆಗದೆ ಯಾರೂ ಮನೆಗೆ ಹೋಗುವುದಿಲ್ಲ."

ಮಾವ ಕುಳಿತರು, ಎದ್ದರು, ನೀರು ಕುಡಿದರು, ಮತ್ತೆ ಎದ್ದರು. ಕೊನೆಗೆ ಎಡಗಣ್ಣು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಗಡಗಡ ಒದರಿದರು: "ರ, ಗ, ಪ, ಟ, ದ, ನ, ಲ!" ಹದಿನಾಲ್ಕು ಶಿಬಿರಗಳಲ್ಲಿ ಬೇರೆಯವರು ಓದುವುದನ್ನು ಕೇಳಿ ಕೇಳಿ ಬಾಯಿಪಾಠ!

"ಅಂಕಲ್, ಅಕ್ಷರದ ಬೋರ್ಡ್ ಇನ್ನೂ ನೇತು ಹಾಕ್ಲೇ ಇಲ್ಲ," ಎಂದಳು ಪರೀಕ್ಷೆ ಮಾಡುವ ಹುಡುಗಿ.

ಹೋದ ವರ್ಷ ಮಾವನೇ ಕರೆತಂದು ಪೊರೆ ತೆಗೆಸಿದ್ದ ನೆರೆಮನೆಯ ಬೀಫಾತಿಮ್ಮ ಬಿದ್ದು ಬಿದ್ದು ನಕ್ಕರು. "ಏನಣ್ಣಾ, ಇರುವೆ ಕಚ್ಚಿದಷ್ಟೂ ನೋವಿಲ್ಲ ಅಂತ ನನಗೆ ಹೇಳಿದ್ದು ನೀವೇ ಅಲ್ವಾ?"

"ಅದು ನಿಮಗೆ!" ಎಂದರು ಮಾವ.

ಅತ್ತೆ ಬಾಗಿಲು ಬಿಡಲಿಲ್ಲ, ತಪಾಸಣೆ ಮುಗಿಯಿತು. ನಾಲ್ಕು ದಿನ ಕಳೆದು ಆಸ್ಪತ್ರೆ. ಕರೆತಂದವರನ್ನು ಆಪರೇಷನ್ ಕೋಣೆಯ ಬಾಗಿಲಿನವರೆಗೂ ಕೈ ಹಿಡಿದು ನಡೆಸುವುದು ಮಾವನ ಕ್ರಮ. ಓಡಿಹೋಗದಂತೆ ಹಿಡಿಯುವುದು ಎಂದು ನಾನು ಡೈರಿಯಲ್ಲಿ ಗೇಲಿ ಮಾಡಿ ಬರೆದಿದ್ದೆ. ಆ ದಿನ ಮಾವನ ಪಕ್ಕದಲ್ಲಿ ನಡೆದವನು ನಾನು. ನನ್ನ ಕೈಯನ್ನು ಹಿಡಿದ ಅವರ ಕೈ ತಣ್ಣಗಿತ್ತು, ಒದ್ದೆಯಾಗಿತ್ತು.

"ಇರುವೆ ಕಚ್ಚಿದಷ್ಟೂ ಇಲ್ಲ ಮಾವ."

"ಗೊತ್ತುಂಟು. ನೀನು ಎಲ್ಲಿಗೂ ಹೋಗ್ಬೇಡ." ಬಾಗಿಲು ಹತ್ತಿರವಾದಂತೆ ಹಿಡಿತ ಬಿಗಿ ಮಾಡಿ, "ನಲವತ್ತೆರಡು ಅಂತ ಬರ್ಕೊ," ಎಂದರು.

ಡೈರಿ ಜೇಬಿನಲ್ಲೇ ಇತ್ತು. ಬರೆಯುವ ಕೈ ಮಾತ್ರ ಅವರ ಮುಷ್ಟಿಯೊಳಗಿತ್ತು.