ನೆಗೆಣ್ಣಿಯ ಗಂಟಿನ ಪತ್ರಗಳು

ಇಳಕಲ್ಲಿನ ನಮ್ಮ ಓಣಿಯಲ್ಲಿ ಅತಿ ಹೆಚ್ಚು ಪತ್ರ ಬರೆದವರು ಯಾರೆಂದು ಕೇಳಿದರೆ ನಾನು ನನ್ನ ನೆಗೆಣ್ಣಿಯ ಕಡೆ ಬೆರಳು ತೋರಿಸುತ್ತೇನೆ. ಆಕೆಗೆ ಓದುಬರಹ ಬರುತ್ತಿರಲಿಲ್ಲ, ಅದು ಬೇರೆ ಮಾತು! ನನ್ನ ಗಂಡನ ಅಣ್ಣನ ಹೆಂಡತಿಯಾದ ಈ ಮಹಾತಾಯಿ ದಾರದಲ್ಲಿ ಪತ್ರ ಬರೆಯುತ್ತಿದ್ದಳು.

ಭಾವನವರು ಮಗ್ಗ ಬಿಟ್ಟು ಮಿಲಿಟರಿ ಸೇರಿದವರು. ನೆರೆಮನೆಯ ಮಾಸ್ತರರು ನಾಲ್ಕು ಸಾಲು ಕ್ಷೇಮಸಮಾಚಾರ ಗೀಚಿಕೊಟ್ಟರೆ, ಈಕೆ ಆ ಲಕೋಟೆಯೊಳಗೆ ಮಗ್ಗದ ಒಂದು ತುಂಡು ದಾರ ಇಡುತ್ತಿದ್ದಳು. ನೇಯ್ದು ಇಳಿಸಿದ ಸೀರೆಗೊಂದು ಗಂಟು. ಅತ್ತೆಯೊಡನೆ ಜಗಳವಾಗಿದ್ದರೆ ದಾರ ಕೆಂಪು. ಜಗಳ ಜೋರಾಗಿದ್ದರೆ ಕೆಂಪು ದಾರ ಮೊಳದುದ್ದ! ಮಗ್ಗದಲ್ಲಿ ಹರಿದ ಎಳೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಗಂಟು ಹಾಕುತ್ತಾರೆ, ನೋಡಿದ ಕೂಡಲೇ ಯಾರ ಕೈಯೆಂದು ನೇಕಾರರಿಗೆ ತಿಳಿಯುತ್ತದಂತೆ. ಬಾಗಲಕೋಟೆಯ ಗುಮಾಸ್ತರ ಮಗಳಾದ ನನಗೆ ಇದೆಲ್ಲ ಎಲ್ಲಿ ಗೊತ್ತು?

ಎಪ್ಪತ್ತೊಂದರಲ್ಲಿ ನಾನು ಮ್ಯಾಟ್ರಿಕ್ ಪಾಸಾದ ಸೊಸೆಯೆಂಬ ಬಿರುದಿನೊಂದಿಗೆ ಆ ಮನೆಗೆ ಬಂದೆ. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ಏನ್ ಬರೀಲಿ ಅಕ್ಕಾ?"

"ಎಮ್ಮಿ ಈದೈತಿ ಅಂತ ಬರಿ."

"ಮತ್ತ?"

"ಹೆಣ್ಣ ಕರ ಹಾಕೈತಿ ಅಂತ."

"ನಿಮ್ಮನ್ನ ಭಾಳ ನೆನಸ್ತೇನಿ ಅಂತ ಬರೀಲೇನು?"

"ಹಂಗೆಲ್ಲಾ ಬರದ್ರ ಅವ್ರು ಗಾಬ್ರಿ ಆಗ್ತಾರ."

ನಾನು ಬಿಡುವವಳೇ? "ಪ್ರಾಣಕಾಂತರೇ, ನಿಮ್ಮ ಚರಣದಾಸಿಯ ನಯನಗಳು" ಎಂದು ಶುರುಮಾಡಿ ಎರಡು ಪುಟ ತುಂಬಿಸಿದೆ. ಎಮ್ಮೆಯನ್ನು ಕೈಬಿಟ್ಟೆ. ದಾರವನ್ನೂ ಕೈಬಿಟ್ಟೆ. ಮಿಲಿಟರಿಯಲ್ಲಿ ಲಕೋಟೆ ಒಡೆದು ನೋಡುತ್ತಾರಂತೆ, ನಮ್ಮ ಮನೆಯವರು ಚಿಂದಿ ಕಳಿಸುತ್ತಾರೆಂದು ಸಾಹೇಬರು ನಕ್ಕರೆ ಮಾನ ಯಾರದು ಹೋಗುವುದು? ಆಕೆ ಗಂಟು ಹಾಕಿ ಕೊಟ್ಟದ್ದನ್ನು ಪ್ರತಿ ಸಲ ಒಲೆಗೆ ಹಾಕಿ ಲಕೋಟೆ ಅಂಟಿಸುತ್ತಿದ್ದೆ.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಭಾವನವರಿಂದ ಒಂದೇ ಸಾಲಿನ ಪತ್ರ ಬಂತು: "ಆಕಿ ಅದಾಳೋ ಇಲ್ಲೋ, ಖರೆ ಬರೀರಿ."

"ತಲಿ ಕೆಟ್ಟೈತೇನ ಅವ್ರಿಗೆ? ಪ್ರತಿ ಪತ್ರದಾಗ ಗಂಟ ಹಾಕಿ ಕಳಿಸೇನಲ್ಲ," ಎಂದಳು ನೆಗೆಣ್ಣಿ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಆದರೆ ಈಗ ದಾರ ಇಟ್ಟರೆ ಹಿಂದಿನವು ಎಲ್ಲಿ ಎಂಬ ಪ್ರಶ್ನೆ ಬರುತ್ತದಲ್ಲ! ಉತ್ತರವಾಗಿ ಮೂರು ಪುಟ ಚರಣದಾಸಿಯನ್ನು ಬರೆದು ಹಾಕಿದೆ. ನೆನೆಸಿಕೊಂಡರೆ ಇಂದಿಗೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಯುದ್ಧ ಮುಗಿದು ರಜೆಯ ಮೇಲೆ ಬಂದ ಭಾವನವರು ಬಾಗಿಲಲ್ಲೇ ನಿಂತರು. ಮಗ್ಗದಲ್ಲಿ ಕುಳಿತಿದ್ದ ನೆಗೆಣ್ಣಿ "ಬರ್ರಿ, ಕೈಕಾಲ ತೊಳಕೊಳ್ರಿ" ಎಂದಾಗ ಆ ಎತ್ತರದ ಮನುಷ್ಯ ಹೊಸ್ತಿಲ ಮೇಲೇ ಕುಳಿತುಬಿಟ್ಟರು.

"ನೀ ಸತ್ತಿ ಅಂತ ತಿಳದಿದ್ದೆ. ಯಾರ ಕಡಿಂದೋ ಬರಸಿ ಮುಚ್ಚಿಡಾಕತ್ತಾರ ಅಂತ. ನಿನ್ನ ಗಂಟು ಯಾಕ ಬರಲಿಲ್ಲ?"

"ಹಾಕೇನಲ್ರಿ!"

ಇಬ್ಬರೂ ನನ್ನ ಕಡೆ ನೋಡಿದರು. "ಟಪಾಲಿನವ್ರು ತಗದಿರಬೇಕ್ರಿ," ಎಂದೆ.

ಸರಿ, ನೆಗೆಣ್ಣಿ ಹೋಗಿ ಓಣಿ ಕೂಡುವಂತೆ ಟಪಾಲಿನವನಿಗೆ ಬೈದು ಬಂದಳು. ಆ ಬಡಪಾಯಿ ಕಟ್ಟೆಯ ಮೇಲೆ ತನ್ನ ಚೀಲ ಸುರುವಿ ತೋರಿಸಿದ.

ಊಟಕ್ಕೆ ಕುಳಿತಾಗ ಆಕೆ ನೀರು ತರಲು ಹಿತ್ತಲಿಗೆ ಹೋದರೂ ಸಾಕು, ಭಾವನವರು ರೊಟ್ಟಿ ಬಿಟ್ಟು ಎದ್ದು ನಿಂತು ನೋಡುತ್ತಿದ್ದರು. ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ. ಆಕೆಯ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

ಆಕೆ ಮಗ್ಗದಲ್ಲಿ ಹರಿದಿದ್ದ ಎಳೆಗೆ ಗಂಟು ಹಾಕಿ ಮುಗಿಸಿದಳು. "ಅವ್ರ ಮುಂದ ಹೇಳಬ್ಯಾಡವಾ. ದಿನಾ ನಿನ್ನ ಕೈಯಾಗಿಂದ ಉಣ್ಣಬೇಕಾದವ್ರು," ಎಂದಳು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ಟಪಾಲಿನವನ ಮನೆಗೆ ಹೋದಳು.

"ತಪ್ಪ ನಂದ್ರಿ ಅಣ್ಣಾ. ನಾನ ಗಂಟ ಹಾಕೂದು ಮರತಿದ್ದೆ," ಎಂದು ಓಣಿಯವರೆಲ್ಲರ ಮುಂದೆ ಕೈಮುಗಿದಳು.

ಆ ಮಾತು ಭಾವನವರ ಕಿವಿಗೂ ಬಿತ್ತು. ಯುದ್ಧದ ಹೊತ್ತಿನಲ್ಲಿ ಹೆಂಡತಿ ಮರೆತಿದ್ದಳೆಂದೇ ಅವರು ಕೊನೆಯವರೆಗೂ ನಂಬಿದರು. ಆಕೆ ಒಂದು ದಿನವೂ ಅಲ್ಲವೆನ್ನಲಿಲ್ಲ. ನಾನೂ ಎನ್ನಲಿಲ್ಲ.